ಸ್ಪೇನಿನ ಲೀಗು, ಹೋಳಿಗೆಯ ಪಂಕ್ತಿ

ನೈರೋಬಿ ಕನ್ನಡ ಸಹಭೋಜನ ಮಂಡಳಿಯ ಊಟದಲ್ಲಿ ಯಾರು ಮೊದಲ ಪಂಕ್ತಿಗೆ ಕೂರಬೇಕು, ಯಾರು ಎರಡನೆಯದಕ್ಕೆ ಕಾಯಬೇಕು, ಯಾರು ಕೂರದೆ ಬಡಿಸಬೇಕು ಎಂಬುದನ್ನು ಸ್ಪೇನ್ ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗಿನ ಅಂಕಪಟ್ಟಿ ನಿರ್ಧರಿಸುತ್ತದೆ. ಇದು ಮಂಡಳಿಯ ನಿಯಮಾವಳಿಯ ಏಳನೆಯ ಕಲಮಿನಲ್ಲಿದೆ.

ಏಕೆ ಹೀಗೆ ಎಂದು ಹೊಸಬರು ಕೇಳುವುದುಂಟು. ಆದ್ದರಿಂದ ಕಾರಣವನ್ನೂ ಹೇಳಿಬಿಡುವುದು ಒಳ್ಳೆಯದು. ಪಂಕ್ತಿ ಎಂದರೆ ಬಾಳೆಲೆ ಹಾಕಿ ಸಾಲಾಗಿ ಕೂತು ಉಣ್ಣುವುದು. ಮೊದಲ ಪಂಕ್ತಿಗೆ ಹೋಳಿಗೆ ಬಿಸಿಯಾಗಿ ಬರುತ್ತದೆ. ಎರಡನೆಯ ಪಂಕ್ತಿಗೂ ಬರುತ್ತದೆ ಎಂದು ಹೇಳಲಾಗುತ್ತದೆ. ಹಿಂದೆ ವಯಸ್ಸಿನ ಪ್ರಕಾರ ಕೂರಿಸುತ್ತಿದ್ದರು. ಆಗ ಹಲವು ಸದಸ್ಯರಿಗೆ ಒಂದೇ ತಿಂಗಳಲ್ಲಿ ತುಂಬಾ ವಯಸ್ಸಾಯಿತು. ಮೊದಲು ಬಂದವರಿಗೆ ಮೊದಲು ಎಂದಾಗ ಜನ ಒಲೆ ಹಚ್ಚುವ ಮುಂಚೆಯೇ ಬಂದು ಕರವಸ್ತ್ರ ಹಾಸಿ ಜಾಗ ಹಿಡಿದರು. ಕೊನೆಗೆ ಯಾವ ಕಡೆಗೂ ಸೇರದ ಒಬ್ಬ ಮಧ್ಯಸ್ಥ ಬೇಕು ಎಂದು ಮಹಾಸಭೆ ತೀರ್ಮಾನಿಸಿತು. ಇಂಗ್ಲೆಂಡಿನ ಲೀಗು ಆಗುವಂತಿರಲಿಲ್ಲ. ನೈರೋಬಿಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಮೈಮೇಲೂ ಆ ಕ್ಲಬ್ಬುಗಳ ಬಣ್ಣವಿರುತ್ತದೆ, ಮನೆಮನೆಗೂ ಒಂದೊಂದು ಪಕ್ಷವಿರುತ್ತದೆ. ಸ್ಪೇನಿನಲ್ಲಿ ಮಾತ್ರ ಯಾರ ಸೋದರಮಾವನೂ ಇರಲಿಲ್ಲ. ಮೇಲಾಗಿ ಅಲ್ಲಿ ಇಪ್ಪತ್ತು ಕ್ಲಬ್ಬುಗಳು, ಮಂಡಳಿಯಲ್ಲಿ ಇಪ್ಪತ್ತು ಮನೆಗಳು. ಇದಕ್ಕಿಂತ ಸ್ಪಷ್ಟವಾದ ಸೂಚನೆಗೆ ಯಾರೂ ಕಾಯಲಿಲ್ಲ.

ಪ್ರತಿ ಮನೆಗೂ ಒಂದು ಕ್ಲಬ್ಬು. ಕ್ಲಬ್ಬು ಮೊದಲ ಹತ್ತರಲ್ಲಿದ್ದರೆ ಮನೆಯವರು ಮೊದಲ ಪಂಕ್ತಿ, ಅದರ ಕೆಳಗಿದ್ದರೆ ಎರಡನೆಯ ಪಂಕ್ತಿ. ಕೊನೆಯ ಮೂರು ಕ್ಲಬ್ಬುಗಳನ್ನು ಸ್ಪೇನಿನಲ್ಲಿ ಕೆಳಗಿನ ದರ್ಜೆಗೆ ಇಳಿಸುತ್ತಾರೆ. ಇಲ್ಲಿ ಆ ಮೂರು ಮನೆಯವರ ಕೈಗೆ ಸೌಟು ಕೊಡುತ್ತಾರೆ.

ಆಗಸ್ಟಿನಲ್ಲಿ ಚೀಟಿ ಎತ್ತಿದರು. ಮಂಡಳಿಯ ಅಧ್ಯಕ್ಷರಾದ ಯೂಜಿನ್, ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೇಂಟ್ ಫ್ಯಾಕ್ಟರಿ ಇಟ್ಟುಕೊಂಡಿರುವ ಮಂಗಳೂರಿನವರು. ಅವರಿಗೆ ರಿಯಲ್ ಮ್ಯಾಡ್ರಿಡ್ ಬಂತು. ಚೀಟಿ ಎತ್ತಿದವರು ಅವರ ಪತ್ನಿ ಜೋಸೆಫಿನ್ ಆದ್ದರಿಂದ ಇದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ, ಏಕೆಂದರೆ ಹೆಂಡತಿ ಗಂಡನ ಪರವಾಗಿ ನಡೆದುಕೊಂಡಾರು ಎಂದು ಯಾರೂ ಊಹಿಸುವುದಿಲ್ಲ. ಕಾರ್ಯದರ್ಶಿ ಚೇತನ್ ಕಿಲಿಮಾನಿಯಲ್ಲಿರುವ ಟೆಲಿಕಾಂ ಎಂಜಿನಿಯರ್. ಚೀಟಿಗಳನ್ನು ಮಡಚಿದವರು ಅವರೇ. ಅವರಿಗೆ ಬಾರ್ಸಿಲೋನಾ ಬಂತು. ಕಿಲೆಲೆಶ್ವಾದ ಬ್ಯಾಂಕ್ ಉದ್ಯೋಗಿ ದ್ವಾರಕಾನಾಥನಿಗೆ ಪೆನಾಲ್ಬಾ ಎಂಬ ಸಣ್ಣ ಊರಿನ ಕ್ಲಬ್ಬು ಬಂತು. ಅದು ಆ ವರ್ಷವಷ್ಟೇ ಮೇಲಕ್ಕೆ ಬಂದಿತ್ತು, ಕೂಡಲೇ ಕೆಳಗಿಳಿಯುವ ಸಿದ್ಧತೆಯಲ್ಲೂ ಇತ್ತು.

"ಪೆನಾಲ್ಬಾ ಅಂದ್ರೆ ಮಾತ್ರೆ ಹೆಸರಿದ್ದ ಹಾಗಿದೆಯಲ್ರೀ," ಎಂದಳು ದ್ವಾರಕಾನಾಥನ ಹೆಂಡತಿ ಲೀಲಾ.

ದ್ವಾರಕಾನಾಥ ನಗಲಿಲ್ಲ. ಅವನಿಗೆ ಒಂದು ತೊಂದರೆಯಿತ್ತು. ಅವನ ಅತ್ತೆ ಕೋಕಿಲಾ ಮೇ ತಿಂಗಳಲ್ಲಿ ಮೈಸೂರಿನಿಂದ ಬರುವವರಿದ್ದರು. ಅವರು ಬರುವ ಮೊದಲೇ ಲೀಲಾ ಫೋನಿನಲ್ಲಿ, "ಇಲ್ಲಿ ಇವರನ್ನ ಮೊದಲನೇ ಪಂಕ್ತೀಲೇ ಕೂರಿಸ್ತಾರಮ್ಮ," ಎಂದು ಹೇಳಿಬಿಟ್ಟಿದ್ದಳು. ಅತ್ತೆ ಅದನ್ನು ಮೈಸೂರಿನಲ್ಲಿ ಎಲ್ಲರಿಗೂ ಹೇಳಿ ಆಗಿತ್ತು. ಅಳಿಯ ಎರಡನೆಯ ಪಂಕ್ತಿಗೆ ಕಾಯುವುದನ್ನು ಅತ್ತೆ ಕಣ್ಣಾರೆ ನೋಡಿದರೆ ಆಗುವ ಅನಾಹುತವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಮದುವೆಯಾದವರಿಗೆ ಗೊತ್ತಿರುತ್ತದೆ, ಆಗದವರು ನಂಬುವುದಿಲ್ಲ.

ಹೀಗೆ ದ್ವಾರಕಾನಾಥ ಪೆನಾಲ್ಬಾದ ಭಕ್ತನಾದ. ಮಂಡಳಿಯವರು ಕಿಲಿಮಾನಿಯ ಬಾಡಿಗೆ ಹಾಲಿನಲ್ಲಿ ಒಟ್ಟಾಗಿ ಕೂತು ಪಂದ್ಯ ನೋಡುತ್ತಿದ್ದರು. ದೊಡ್ಡ ಕ್ಲಬ್ಬುಗಳ ಆಟ ಸಂಜೆಯಾದ ಮೇಲೆ, ಸಣ್ಣವುಗಳದ್ದು ನೈರೋಬಿಯ ಮಧ್ಯಾಹ್ನಕ್ಕೆ. ಮಧ್ಯಾಹ್ನ ಹಾಲಿನಲ್ಲಿ ದ್ವಾರಕಾನಾಥ ಒಬ್ಬನೇ ಇರುತ್ತಿದ್ದ. ಪೆನಾಲ್ಬಾ ಗೋಲು ಹೊಡೆಸಿಕೊಂಡಾಗಲೆಲ್ಲ ಗೇಟಿನ ಕಾವಲುಗಾರ ಒಳಗೆ ಇಣುಕಿ "ಪೋಲೆ ಸಾನಾ" ಎಂದು ಸಮಾಧಾನ ಹೇಳಿ ಹೋಗುತ್ತಿದ್ದ. ಪೋಲೆ ಎಂಬುದನ್ನು ಸ್ವಾಹಿಲಿಯಲ್ಲಿ ಕಾಲು ಮುರಿದವರಿಗೂ ಹೇಳುತ್ತಾರೆ, ಮನೆಯಲ್ಲಿ ಸಾವಾದವರಿಗೂ ಹೇಳುತ್ತಾರೆ. ದ್ವಾರಕಾನಾಥನಿಗೆ ಎರಡೂ ಸರಿಹೊಂದುತ್ತಿತ್ತು.

ಜನವರಿಯಲ್ಲಿ ಆಟಗಾರರ ವರ್ಗಾವಣೆ ಶುರುವಾಯಿತು. ಸ್ಪೇನಿನಲ್ಲಿ ನಡೆಯುವುದು ಮಂಡಳಿಯಲ್ಲೂ ನಡೆಯಬೇಕೆಂಬ ನಿಯಮವಿದ್ದುದರಿಂದ ಯೂಜಿನ್ ಒಂದು ಭಾನುವಾರ ಜೋಸೆಫಿನ್ ಜೊತೆ ದ್ವಾರಕಾನಾಥನ ಮನೆಗೆ ಬಂದರು. ಕಾಫಿ ಕುಡಿದರು. ಕಪ್ಪು ಕೆಳಗಿಟ್ಟು, "ನಿಮ್ಮ ಲೀಲಕ್ಕ ನಮಗೆ ಲೋನಿಗೆ ಬೇಕಿತ್ತು," ಎಂದರು.

"ಏನು ಬೇಕಿತ್ತು ಸಾರ್?"

"ಲೋನ್ ಮಾರಾಯ್ರೆ. ಈ ಸೀಸನ್ನಿನ ವಾರ್ಷಿಕ ಊಟ ಮುಗಿಯುವವರೆಗೆ ಮಾತ್ರ. ದೊಡ್ಡ ಕ್ಲಬ್ಬಿನವರು ಸಣ್ಣ ಕ್ಲಬ್ಬಿನ ಒಳ್ಳೆಯ ಆಟಗಾರರನ್ನು ತೆಗೆದುಕೊಳ್ಳುವುದು ಉಂಟಲ್ಲ, ಹಾಗೆ. ನೈರೋಬಿಯಲ್ಲಿ ಇವರಷ್ಟು ತೆಳ್ಳಗೆ ಹೋಳಿಗೆ ತಟ್ಟುವವರು ಯಾರಿದ್ದಾರೆ ಹೇಳಿ?"

"ವಾಸ ಎಲ್ಲಿ?" ಎಂದ ದ್ವಾರಕಾನಾಥ.

"ವಾಸ ಇಲ್ಲಿಯೇ. ನಾವೆಂತ ಅನಾಗರಿಕರಾ? ಊಟದ ದಿವಸ ನಮ್ಮ ಮನೆಯವರಾಗಿ ಕೂತರೆ ಸಾಕು."

ದ್ವಾರಕಾನಾಥ ಹೆಂಡತಿಯ ಮುಖ ನೋಡಿದ. ಲೀಲಾ ಸೆರಗಿನ ತುದಿ ನೋಡುತ್ತ, "ಮೊದಲನೇ ಪಂಕ್ತಿ ಅಲ್ವೇನ್ರೀ," ಎಂದಳು. "ಅಮ್ಮನೂ ಅತಿಥಿ ಅಂತ ನನ್ನ ಪಕ್ಕ ಕೂರಬಹುದು. ನೀವೂ ಗೆದ್ದು ಬನ್ನಿ, ಯಾರು ಬೇಡ ಅಂದ್ರು?"

ಮಗಳು ಪ್ರಗತಿ ಸೋಫಾದಿಂದ ತಲೆಯೆತ್ತಿ, "ಅಪ್ಪಾ, ದಿಸ್ ಈಸ್ ನಾಟ್ ಹೌ ಫುಟ್‌ಬಾಲ್ ವರ್ಕ್ಸ್," ಎಂದಳು. ಹದಿನೈದರ ಹುಡುಗಿ, ನೈರೋಬಿಯಲ್ಲೇ ಬೆಳೆದವಳು. ಮಂಡಳಿಯ ನಿಯಮಾವಳಿ ಕನ್ನಡದಲ್ಲಿದ್ದುದರಿಂದ ಅದನ್ನು ಓದಿರಲಿಲ್ಲ.

ಮೇ ತಿಂಗಳು ಬಂತು. ಅತ್ತೆಯೂ ಬಂದರು. ಮೊದಲ ಪಂಕ್ತಿಯ ಆಸೆ ಕೈಬಿಟ್ಟು ಎಷ್ಟೋ ವಾರವಾಗಿತ್ತು. ಈಗ ಸೌಟು ತಪ್ಪಿದರೆ ಸಾಕಿತ್ತು. ಕೊನೆಯ ಪಂದ್ಯದಲ್ಲಿ ಪೆನಾಲ್ಬಾ ಡ್ರಾ ಮಾಡಿಕೊಂಡರೂ ಉಳಿಯುತ್ತಿತ್ತು. ಆ ದಿನ ಎಲ್ಲ ಆಟಗಳೂ ಸಂಜೆಯಾದ ಮೇಲೆ. ಹಾಲು ತುಂಬಿತ್ತು, ಏಕೆಂದರೆ ಯಾರು ಬಡಿಸುತ್ತಾರೆ ಎಂಬುದು ತಿಳಿಯಬೇಕಿತ್ತು. ಪೆನಾಲ್ಬಾ ಒಂದು ಗೋಲು ಹಿಂದಿತ್ತು. ಆಟ ಮುಗಿಯಲು ಇನ್ನೇನು ಎರಡು ನಿಮಿಷವಿದೆ, ಪೆನಾಲ್ಬಾದ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಬಲಗಡೆಯಿಂದ ಓಡುತ್ತಿದ್ದಾನೆ, ದ್ವಾರಕಾನಾಥ ಕುರ್ಚಿಯ ಮೇಲೆ ನಿಂತಿದ್ದಾನೆ, ಆಗ ಕರೆಂಟು ಹೋಯಿತು.

ಟೀವಿ ಕಪ್ಪಾಯಿತು. ಪ್ರಗತಿ ಫೋನು ನೋಡಿದಳು. "ಅಪ್ಪಾ, ಗೋಲ್! ವಿ ಆರ್ ಸೇಫ್."

ದ್ವಾರಕಾನಾಥ ಕುರ್ಚಿಯಿಂದ ಹಾರಿ ಚೇತನನನ್ನು ಅಪ್ಪಿಕೊಂಡ. ಯೂಜಿನ್ ಎರಡೂ ಕೈ ಎತ್ತಿದರು. "ಸ್ವಲ್ಪ ತಡೆಯಿರಿ. ಗೋಲು ಯಾರು ನೋಡಿದ್ದು?"

"ಫೋನಲ್ಲಿ ಬಂದಿದೆಯಲ್ಲ ಸಾರ್."

"ಫೋನಿನಲ್ಲಿ ಬಂದದ್ದು ಸುದ್ದಿ. ನಮ್ಮ ಹಾಲಿನಲ್ಲಿ ಕಂಡದ್ದು ಆಟ. ಕಲಮು ಓದಿ ಚೇತನ್."

ಚೇತನ್ ಮೇಣದಬತ್ತಿ ಹಚ್ಚಿಕೊಂಡು ಓದಿದರು. ಅಂಕಪಟ್ಟಿ ಎಂದರೆ ಮಂಡಳಿಯ ಸದಸ್ಯರು ಸಭಾಂಗಣದಲ್ಲಿ ಕಣ್ಣಾರೆ ಕಂಡ ಆಟದ ಪಟ್ಟಿ ಎಂದು ಅಲ್ಲಿ ಬರೆದಿತ್ತು. ಮನೆಯಲ್ಲೇ ಕೂತು ನೋಡುವ ಸೋಮಾರಿಗಳನ್ನು ಹಾಲಿಗೆ ಎಳೆಯುವುದಕ್ಕಾಗಿ ಹಿಂದೆ ಯಾರೋ ಸೇರಿಸಿದ್ದರು. ಬರೆದದ್ದು ಬರೆದದ್ದೇ. ಪೆನಾಲ್ಬಾ ಸ್ಪೇನಿನಲ್ಲಿ ಉಳಿದುಕೊಂಡಿತು, ನೈರೋಬಿಯಲ್ಲಿ ಇಳಿದುಹೋಯಿತು. ಸ್ಪೇನಿನ ಪಟ್ಟಿಯಲ್ಲಿ ಆಗಿರುವ ತಪ್ಪನ್ನು ಅವರ ಗಮನಕ್ಕೆ ತರುವಂತೆ ಕಾರ್ಯದರ್ಶಿಗೆ ಸೂಚಿಸಲಾಯಿತು.

ಮುಂದಿನ ಭಾನುವಾರ ವಾರ್ಷಿಕ ಊಟ. ಮೊದಲ ಪಂಕ್ತಿಯಲ್ಲಿ ಯೂಜಿನ್, ಜೋಸೆಫಿನ್, ಲೋನಿನ ಮೇಲಿದ್ದ ಲೀಲಾ, ಅವಳ ಪಕ್ಕದಲ್ಲಿ ಅತಿಥಿಯಾಗಿ ಕೋಕಿಲಾ. ದ್ವಾರಕಾನಾಥ ಸೊಂಟಕ್ಕೆ ಟವೆಲ್ ಸುತ್ತಿ, ಹೋಳಿಗೆಯ ತಟ್ಟೆ ಹಿಡಿದು ಬಂದ. ಅತ್ತೆ ಮೊದಲು ತಟ್ಟೆ ನೋಡಿದರು, ಆಮೇಲೆ ಟವೆಲ್ ನೋಡಿದರು, ಮುಖವನ್ನು ನೋಡಲೇ ಇಲ್ಲ. ಅವನು ಹೋಳಿಗೆ ಹಾಕಿದ. ಅವರು ಎಲೆಗೆ ಹೇಳುವಂತೆ, "ಸಾಕು," ಎಂದರು.

ದ್ವಾರಕಾನಾಥನಿಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ಆದರೆ ಅದೇ ಹೊತ್ತಿಗೆ ಅದೇ ಸಾಲಿನ ಇನ್ನೊಂದು ಎಲೆಯಿಂದ ಒಂದು ಮೆತ್ತನೆಯ ದನಿ ಬಂತು.

"ದ್ವಾರಕಾನಾಥರೇ, ಇನ್ನೊಂದು ಹಾಕುವಿರಾ?"

ಯೂಜಿನ್! ಪೇಂಟ್ ಫ್ಯಾಕ್ಟರಿಯ ಯೂಜಿನ್, ಎರಡು ಬೆರಳಿನಿಂದ ಎಲೆಯ ಅಂಚು ತಟ್ಟುತ್ತಿದ್ದರು. ದ್ವಾರಕಾನಾಥನ ಬಾಯಿಂದ ಅವನಿಗೇ ಗೊತ್ತಿಲ್ಲದ ಮಾತು ಹೊರಟಿತು. "ಒಂದು ಎಲೆಗೆ ಒಂದೇ ಸಾರ್. ಎರಡನೆಯ ಪಂಕ್ತಿಯವರೂ ಇದ್ದಾರಲ್ಲ. ನೋಡೋಣ."

ನೋಡೋಣ ಎಂಬ ಪದಕ್ಕೆ ಎಷ್ಟು ಶಕ್ತಿಯಿದೆ ಎಂಬುದು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದ ಅವನಿಗೆ ತಿಳಿದಿತ್ತು. ಆದರೆ ಅದು ಊಟದಲ್ಲೂ ನಡೆಯುತ್ತದೆ ಎಂದು ತಿಳಿದಿರಲಿಲ್ಲ. ತುಪ್ಪದ ಮಿಳ್ಳೆ ಯಾರ ಎಲೆಯ ಮೇಲೆ ಎಷ್ಟು ಬಾಗಬೇಕು, ಹಪ್ಪಳ ಇಡಿಯೋ ಮುರುಕೋ, ಪಲ್ಯದಲ್ಲಿ ತೆಂಗಿನಕಾಯಿಯ ಭಾಗ ಎಲ್ಲಿಗೆ ಹೋಗಬೇಕು, ಎಲ್ಲವೂ ಅವನ ಕೈಯಲ್ಲಿತ್ತು. ಜನ ಅವನ ಮಗಳ ಓದು ವಿಚಾರಿಸಿದರು. ಅವನ ಅಂಗಿಯ ಬಣ್ಣ ಹೊಗಳಿದರು. ಪಂಕ್ತಿಗಳೆಲ್ಲ ಎದ್ದ ಮೇಲೆ ಬಡಿಸಿದವರು ಅಡುಗೆಮನೆಯಲ್ಲಿ ಕೂತರು. ಅಲ್ಲಿ ಹೋಳಿಗೆ ಕಾವಲಿಯಿಂದ ನೇರವಾಗಿ ತಟ್ಟೆಗೆ ಬೀಳುತ್ತಿತ್ತು, ಎಣಿಸುವವರು ಇರಲಿಲ್ಲ. ದ್ವಾರಕಾನಾಥ ಅಂದು ಹಾಡಿಕೊಂಡು ಮನೆಗೆ ಬಂದ.

ಅತ್ತೆ ಹಾಡಲಿಲ್ಲ. "ನಮ್ಮ ಕಡೆ ಅಳಿಯಂದ್ರು ಎಲೆ ಮುಂದೆ ಕೂರೋರು," ಎಂದರು. "ನೀವು ಎಲೆ ಮುಂದೆ ಬಗ್ಗಿಕೊಂಡು ಓಡಾಡ್ತಿದ್ರಿ. ಮೈಸೂರಲ್ಲಿ ನಾನು ಏನಂತ ಹೇಳಲಿ?"

"ಅತ್ತೆ, ಅದು ಕೆಳಗಿನ ಸ್ಥಾನ ಅಲ್ಲ. ಅಲ್ಲಿ ನಿಂತಾಗಲೇ..."

"ಅದೆಲ್ಲ ನನಗೆ ಬೇಡ. ಒಂದು ಸಲ, ಲೀಲಾ ಪಕ್ಕದಲ್ಲಿ, ಮೊದಲನೇ ಪಂಕ್ತೀಲಿ ನೀವು ಕೂತಿದ್ದನ್ನ ನೋಡಿ ನಾನು ವಿಮಾನ ಹತ್ತಬೇಕು."

ಅದಕ್ಕೆ ಅವನು ಏನೂ ಮಾಡಬೇಕಾಗಲಿಲ್ಲ. ಬಡಿಸುವವರ ಭಾಗ್ಯವನ್ನು ಇಡೀ ಹಾಲು ನೋಡಿತ್ತು. ವಾರದೊಳಗೆ ಮೊದಲ ಪಂಕ್ತಿಯ ಮನೆಗಳಿಂದ ತಮ್ಮನ್ನು ಕೆಳಗಿಳಿಸಬೇಕೆಂದು ಮನವಿಗಳು ಬಂದವು. ತುರ್ತು ಸಭೆಯಲ್ಲಿ ಯೂಜಿನ್ ಎದ್ದು ನಿಂತು, ಕಾಣದ ಗೋಲು ಗೋಲಲ್ಲ ಎಂಬ ನ್ಯಾಯವನ್ನು ಪೆನಾಲ್ಬಾಗೆ ಮಾತ್ರ ಅನ್ವಯಿಸಿದರೆ ಅದು ಬಡವರ ಮೇಲಿನ ದಬ್ಬಾಳಿಕೆಯಾಗುತ್ತದೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

"ನಮ್ಮ ಮ್ಯಾಡ್ರಿಡಿನ ಆಟ ಎಲ್ಲ ಸಂಜೆ ಮೇಲೆ. ಆ ಹೊತ್ತಿನಲ್ಲಿ ಈ ಹಾಲಿನಲ್ಲಿ ಕರೆಂಟು ಎಷ್ಟು ಸಲ ಹೋಗಿದೆ ಹೇಳಿ? ಆ ಗೋಲುಗಳೆಲ್ಲ ಎಂತದ್ದು? ಕತ್ತಲೆಯದ್ದು."

"ಬಾರ್ಸಿಲೋನಾದ್ದು ಅದಕ್ಕಿಂತ ಜಾಸ್ತಿ ಕತ್ತಲಲ್ಲಿ ಹೋಗಿದೆ ಸಾರ್," ಎಂದರು ಚೇತನ್, ಕೂತಲ್ಲಿಂದಲೇ.

"ನಿಮ್ಮದು ಮಸುಕು ಮಾರಾಯ್ರೆ. ನಮ್ಮದು ಪೂರ್ತಿ ಕತ್ತಲೆ. ಫ್ಯಾಕ್ಟರಿಯ ಜನರೇಟರ್ ಕೊಡುತ್ತೇನೆ ಎಂದು ನಾನು ಮೂರು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಕೊಟ್ಟಿದ್ದೇನಾ? ಇಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?"

ಅಷ್ಟು ಬಲವಾದ ಸಾಕ್ಷಿಯ ಮುಂದೆ ಯಾರೂ ವಾದಿಸಲಿಲ್ಲ. ಮರುದಿನ ಪ್ರಕಟಣೆ ಹೊರಟಿತು:

"ಸಮಸ್ತ ಸದಸ್ಯರ ಗಮನಕ್ಕೆ. ಕತ್ತಲೆಯಲ್ಲಿ ಆಗಿರಬಹುದಾದ ಗೋಲುಗಳನ್ನು ಕಳೆದು ಸ್ಪ್ಯಾನಿಷ್ ಲೀಗಿನ ಅಂಕಪಟ್ಟಿಯನ್ನು ಸರಿಪಡಿಸಲಾಗಿದೆ. ಅದರಂತೆ ರಿಯಲ್ ಮ್ಯಾಡ್ರಿಡ್ ಕೊನೆಯ ಸ್ಥಾನದಲ್ಲಿದ್ದು, ಅದಕ್ಕಿಂತ ಮೇಲೆ ಬಾರ್ಸಿಲೋನಾ ಇರುತ್ತದೆ. ಕೊನೆಯ ಪಂದ್ಯವೊಂದನ್ನು ಬಿಟ್ಟು ಎಲ್ಲವನ್ನೂ ಮಧ್ಯಾಹ್ನದ ಬೆಳಕಿನಲ್ಲೇ ಆಡಿದ ಪೆನಾಲ್ಬಾ ಪ್ರಥಮ ಸ್ಥಾನ ಪಡೆದಿದೆ. ಪಂದ್ಯಗಳನ್ನು ಮತ್ತೆ ಆಡಿಸುವ ಅಧಿಕಾರ ಮಂಡಳಿಗೆ ಇರುವುದಿಲ್ಲ. ಊಟವನ್ನು ಮತ್ತೆ ಬಡಿಸುವ ಅಧಿಕಾರ ಇರುತ್ತದೆ. ಆದ್ದರಿಂದ ವಾರ್ಷಿಕ ಊಟವನ್ನು ರದ್ದುಪಡಿಸಿ, ಬರುವ ಭಾನುವಾರ ಮರು ಊಟ ಏರ್ಪಡಿಸಲಾಗಿದೆ. ಹಿಂದಿನ ಊಟವನ್ನು ಉಂಡವರು ಅದನ್ನು ಉಂಡಿಲ್ಲವೆಂದು ಭಾವಿಸತಕ್ಕದ್ದು."

"ಚಾಂಪಿಯನ್ಸ್!" ಎಂದು ಕುಣಿದಳು ಪ್ರಗತಿ. ಅವಳ ಅಪ್ಪ ಪ್ರಕಟಣೆಯನ್ನು ಮತ್ತೆ ಮತ್ತೆ ಓದಿದ. ಮೇಲ್ಮನವಿಗೆ ಅವಕಾಶವಿದೆಯೇ ಎಂದು ಹುಡುಕಿದ. ಇತ್ತು, ಆದರೆ ಕೆಳಗಿನ ಸ್ಥಾನದವರಿಗೆ ಮಾತ್ರ.

ಭಾನುವಾರ ಮೊದಲ ಪಂಕ್ತಿಯ ಮೊದಲ ಎಲೆಯ ಮುಂದೆ ದ್ವಾರಕಾನಾಥ ಕೂತ. ಲೋನಿನ ಅವಧಿ ಮುಗಿದಿದ್ದರಿಂದ ಲೀಲಾ ಮರಳಿ ಬಂದು ಅವನ ಬಲಕ್ಕೆ ಕೂತಿದ್ದಳು. ಎಡಕ್ಕೆ ಅತ್ತೆ. ಅವರು ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಪ್ರಗತಿಯ ಕೈಯಲ್ಲಿ ಫೋಟೋ ತೆಗೆಸಿ ಅಲ್ಲಿಂದಲೇ ಮೈಸೂರಿಗೆ ಕಳಿಸಿದರು.

ಯೂಜಿನ್ ಸೊಂಟಕ್ಕೆ ಟವೆಲ್ ಸುತ್ತಿ, ಎದೆಯುಬ್ಬಿಸಿ, ಹೋಳಿಗೆಯ ತಟ್ಟೆಯೊಂದಿಗೆ ಬಂದರು. ಹಿಂದೆ ಚೇತನ್ ತುಪ್ಪದ ಮಿಳ್ಳೆ ಹಿಡಿದು, ಎಷ್ಟು ಬಾಗಿಸಬೇಕೆಂದು ಯೋಚಿಸುತ್ತ ಬರುತ್ತಿದ್ದರು. ದ್ವಾರಕಾನಾಥನ ಎಲೆಗೆ ಒಂದು ಹೋಳಿಗೆ ಬಿತ್ತು. ಬಿಸಿಯಾಗಿತ್ತು. ಸಣ್ಣದಾಗಿತ್ತು.

"ಅಧ್ಯಕ್ಷರೇ, ಇನ್ನೊಂದು..."

"ನೋಡುವ," ಎಂದರು ಯೂಜಿನ್, ಮುಂದಿನ ಎಲೆಗೆ ಸರಿಯುತ್ತ.

ಅತ್ತೆ ಮೊಣಕೈಯಿಂದ ಅಳಿಯನನ್ನು ತಿವಿದರು. "ಸುಮ್ನಿರಿ ಅಳಿಯಂದ್ರೇ. ಮೊದಲನೇ ಪಂಕ್ತೀಲಿ ಕೂತೋರು ಬಾಯಿಬಿಟ್ಟು ಕೇಳಬಾರದು."

ಸಾಲಿನಲ್ಲಿದ್ದವರೆಲ್ಲ ಈ ಮಾತು ಸರಿಯೆಂದು ತಲೆದೂಗಿದರು, ಒಂದೊಂದೇ ಹೋಳಿಗೆಯನ್ನು ಆದಷ್ಟು ನಿಧಾನವಾಗಿ ತಿಂದರು, ಎಲೆ ಮಡಚಿ ಎದ್ದರು. ಕೈತೊಳೆಯುವ ನಲ್ಲಿಯ ಹತ್ತಿರ ಒಬ್ಬರಿಗೊಬ್ಬರು ಅಭಿನಂದನೆ ಹೇಳಿಕೊಳ್ಳುತ್ತಿದ್ದಾಗ ಅಡುಗೆಮನೆಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು. ಈ ವರ್ಷದ ಲೀಗು ಅತ್ಯಂತ ನ್ಯಾಯಯುತವಾಗಿ ನಡೆಯಿತು ಎಂದು ಸಭೆಯ ನಡಾವಳಿಯಲ್ಲಿ ದಾಖಲಾಗಿದೆ. ಸ್ಪೇನಿನಿಂದಲೂ ಈವರೆಗೆ ಯಾವ ಆಕ್ಷೇಪಣೆಯೂ ಬಂದಿಲ್ಲ.