ಪಟಕ್ಕೆ ಬೆನ್ನು ಹಾಕಿದ ಕುರ್ಚಿ

ನನ್ನ ಹೆಂಡತಿ ನನ್ನನ್ನು ಒಪ್ಪಿಕೊಂಡಿದ್ದು ಹಿರಿಯರ ಒತ್ತಾಯಕ್ಕೆ. ಆ ಮಹಾಶಯನನ್ನು ಒಪ್ಪಿಕೊಂಡಿದ್ದು ಸ್ವಂತ ಇಷ್ಟದಿಂದ. ಮಹಾಶಯ ಎಂದರೆ ನಮ್ಮ ಎದುರಾಳಿ ಪಕ್ಷದ ನಾಯಕ. ಅವನ ನಗುಮುಖದ ಪಟ ನಮ್ಮ ಊಟದ ಮೇಜಿನ ಪಕ್ಕದ ಗೋಡೆಯಲ್ಲೇ ವಿರಾಜಮಾನವಾಗಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಉಣ್ಣುತ್ತಿದ್ದೆ. (ಬೆನ್ನಿಗೂ ಕಣ್ಣಿದ್ದಿದ್ದರೆ ತುತ್ತು ಇಳಿಯುತ್ತಿರಲಿಲ್ಲ.)

ನನ್ನದು ಬರೀ ಪಕ್ಷದ ಹಟವಲ್ಲ, ಸಾಕ್ಷಾತ್ ನೈತಿಕ ಆಕ್ಷೇಪ! ನೆರೆಯವರನ್ನು ನೆರೆಯವರ ಮೇಲೆ ಎತ್ತಿಕಟ್ಟುವುದೇ ಅವನ ಕಸುಬು. ಅವನ ಭಾಷಣ ಮುಗಿದ ಸಂಜೆಯೇ ನಮ್ಮ ಬೀದಿಯ ದರ್ಜಿಯ ಅಂಗಡಿಗೆ ಕಲ್ಲು ಬಿದ್ದು ಗಾಜು ಪುಡಿಯಾಯಿತು. ಬೋರ್ಡು ಬರೆದು ಬದುಕುವ ನಾನು ಅಂಗಡಿಯ ಎದುರು ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ಧಿಕ್ಕಾರ’ ಎಂದು ಬರೆದೆ. ದರ್ಜಿ ನನ್ನ ಕೈ ಹಿಡಿದು ಅತ್ತುಬಿಟ್ಟ.

“ಆ ಗಾಜಿಗೆ ಏನಂತೀಯ?” ಎಂದು ಹೆಂಡತಿಯನ್ನು ಕೇಳಿದೆ.

“ಸಾಹೇಬ್ರೇನು ಕೈಯಾರೆ ಕಲ್ಲು ಹೊಡೆದ್ರಾ?”

“ಮನಸ್ಸಾಕ್ಷಿ ಅನ್ನೋದು ಇದ್ಯಾ ನಿಂಗೆ?”

“ಇದೆ. ಊಟ ಆರಿ ಹೋಗ್ತಾ ಇದೆ, ಅದನ್ನೂ ಸ್ವಲ್ಪ ನೋಡಿ.”

ವರ್ಷಗಟ್ಟಲೆ ನೀತಿ ಬೋಧಿಸಿದೆ. ಗೋರ್ಕಲ್ಲ ಮೇಲೆ ಮಳೆ ಗರೆದಂತಾಯಿತು.

ಮೊನ್ನೆ ಆ ಮಹಾಶಯ ತನ್ನ ಪಕ್ಷ ಬಿಟ್ಟು ನಮ್ಮ ಪಕ್ಷ ಸೇರಿಬಿಟ್ಟ!

ನಮ್ಮ ಪಕ್ಷದ ಕಾರ್ಯದರ್ಶಿ ಓಡಿ ಬಂದರು. “ಅಣ್ಣಾ, ಆ ಧಿಕ್ಕಾರಕ್ಕೆ ಸುಣ್ಣ ಹೊಡೆದು ಸುಸ್ವಾಗತ ಅಂತ ಬರೆದುಬಿಡಿ. ಪಕ್ಷ ಅಂದ್ರೆ ತಾಯಿ ಇದ್ದ ಹಾಗೆ.”

ಆಗಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಏಣಿ ಹೊತ್ತು ಹೋದೆ. ದರ್ಜಿ ಬಾಗಿಲಿಗೆ ಬಂದು, ನಾನು ‘ಸು’ ಬರೆಯುವವರೆಗೆ ನೋಡಿದ. ಆಮೇಲೆ ಒಳಗೆ ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಬಂದರೆ ಹೆಂಡತಿ ಸ್ಟೂಲು ಹತ್ತಿ ಪಟ ಇಳಿಸುತ್ತಿದ್ದಳು.

“ನಿಮ್ಮ ಪಕ್ಷಕ್ಕೆ ಹೋಗೋ ಅಷ್ಟು ಕೆಟ್ಟೋನು ಅಂದ್ಕೊಂಡಿರಲಿಲ್ಲ! ನೀವು ಹೇಳ್ತಿದ್ದಿದ್ದೇ ಸರಿ ಕಣ್ರೀ. ಪಾಪ, ಆ ದರ್ಜಿ ಅಂಗಡಿ ಗಾಜು...”

ಈ ಮಾತಿಗಾಗಿ ನಾನು ಎಷ್ಟು ವರ್ಷ ಬಾಯಿ ಬಡಿದುಕೊಂಡಿದ್ದೆ! ಕುಣಿದಾಡಬೇಕಿತ್ತು. ಆದರೆ ನನ್ನ ಹಾಳು ಬಾಯಿಯಿಂದ ಹೊರಬಿದ್ದದ್ದು:

“ಅವರೇನು ಕೈಯಾರೆ ಕಲ್ಲು ಹೊಡೆದ್ರಾ?”

ಹೆಂಡತಿ ಸ್ಟೂಲಿನಿಂದ ಇಳಿದಳು. ಪಟವನ್ನು ನನ್ನ ಕೈಗಿತ್ತಳು.

“ಮೊಳೆ ಅಲ್ಲೇ ಇದೆ. ನೀವೇ ನೇತು ಹಾಕ್ಕೊಳ್ಳಿ.”

ಈಗ ನಾನು ಆ ನಗುಮುಖವನ್ನು ನೋಡುತ್ತಲೇ ಉಣ್ಣುತ್ತೇನೆ. ಬೆನ್ನು ಹಾಕಿ ಕೂರುವ ಕುರ್ಚಿಯನ್ನು ಹೆಂಡತಿ ತೆಗೆದುಕೊಂಡಿದ್ದಾಳೆ.