ಪ್ಯಾನೆಲ್ ಖಾಲಿ ಮಾಡಿಸಿದ ದಿನ

ಬುಧವಾರ ಬೆಳಿಗ್ಗೆ ಜರಗನಹಳ್ಳಿಯ ಬೈರಣ್ಣನವರ ಕಲ್ಯಾಣ ಮಂಟಪದ ವೆಬ್‌ಸೈಟ್ ತೆರೆದ ಹೆಣ್ಣಿನ ಕಡೆಯವರಿಗೆ ಮಂಟಪ ಕಾಣಲಿಲ್ಲ. 'ಈ ಖಾತೆಯನ್ನು ಅಮಾನತಿನಲ್ಲಿ ಇಡಲಾಗಿದೆ' ಎಂಬ ಒಂದು ಸಾಲು ಮಾತ್ರ ಕಂಡಿತು. ಹೆಣ್ಣಿನ ತಂದೆ ಕೂಡಲೇ ಫೋನ್ ಮಾಡಿ, ನಿಮ್ಮ ಮೇಲೆ ಕೇಸು ಗೀಸು ಏನಾದರೂ ಇದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಸಂಜೆ ಇನ್ನೊಮ್ಮೆ ನೋಡುತ್ತೇವೆ, ಇಲ್ಲದಿದ್ದರೆ ಕನಕಪುರ ರಸ್ತೆಯಲ್ಲಿ ಮಂಟಪಗಳಿಗೇನು ಬರವೇ ಎಂದೂ ಸೇರಿಸಿದರು.

ಬೈರಣ್ಣ ನೇರವಾಗಿ ತಮ್ಮ ಮನೆಯ ಮಹಡಿ ಹತ್ತಿ ಶಶಿಕಾಂತನ ಬಾಗಿಲು ಬಡಿದರು. ಶಶಿಕಾಂತನಿಗೆ ಆ ರೂಮಿಗೆ ಬಾಡಿಗೆಯಿಲ್ಲ. ಬದಲಿಗೆ ಮಂಟಪದ ವೆಬ್‌ಸೈಟ್ ನೋಡಿಕೊಳ್ಳಬೇಕು. ಅದು ಒಪ್ಪಂದ.

"ನನ್ನನ್ನ ಸಸ್ಪೆಂಡ್ ಮಾಡೋಕೆ ಯಾವನಪ್ಪ ಅವನು?"

"ಯಾರೂ ಅಲ್ಲಣ್ಣ, ಕಂಟ್ರೋಲ್ ಪ್ಯಾನೆಲ್ಲು."

"ಅವನನ್ನ ಇವತ್ತೇ ಆಚೆ ಹಾಕು. ಸಂಜೆ ಒಳಗೆ ಅವನು ಹೋಗ್ಬೇಕು, ಇಲ್ಲ ನೀನು ಹೋಗ್ಬೇಕು."

ಈ ಪ್ಯಾನೆಲ್ ಎಂಬ ಸಾಫ್ಟ್‌ವೇರನ್ನು ಶಶಿಕಾಂತನಿಗಿಂತ ಮೊದಲು ಇದ್ದವನು ಯಾರೋ ಸೈಟ್ ಇರುವ ಕಂಪ್ಯೂಟರಾದ ಸರ್ವರಿನಲ್ಲಿ ಕೂರಿಸಿ ಹೋಗಿದ್ದ. ಸರ್ವರು ಮನೆಯಾದರೆ ಪ್ಯಾನೆಲ್ಲು ಆ ಮನೆಯ ಯಜಮಾನಿಕೆ ವಹಿಸಿಕೊಂಡ ದೂರದ ನೆಂಟ. ವೆಬ್‌ಸೈಟು, ಇಮೇಲು, ಡೇಟಾಬೇಸು ಎಲ್ಲದರ ಬೀಗದ ಕೈ ಅವನ ಸೊಂಟದಲ್ಲೇ. ರಾತ್ರಿ ಹಗಲು ತನ್ನದೇ ಬ್ಯಾಕಪ್ಪುಗಳನ್ನು ಪೇರಿಸಿ ಪೇರಿಸಿ ಜಾಗವನ್ನೆಲ್ಲ ನುಂಗಿದ್ದ. ಕೊನೆಗೆ ಮಂಟಪದವರು ಜಾಸ್ತಿ ಜಾಗ ತಿಂದಿದ್ದಾರೆ ಎಂದು ಅವರದೇ ಸೈಟಿಗೆ ಬೀಗ ಜಡಿದಿದ್ದ. ಇಂಥ ನ್ಯಾಯ ಎಲ್ಲಾದರೂ ಉಂಟೇ? ಶಶಿಕಾಂತನ ಮೈ ಉರಿದುಹೋಯಿತು. ಬೀಗ ತೆಗೆಸುವುದು ಬೇಡ, ಬೇರು ಸಮೇತ ಕಿತ್ತುಹಾಕುತ್ತೇನೆ ಎಂದು ಪಣ ತೊಟ್ಟ.

ಪ್ಯಾನೆಲ್ ಕಂಪನಿಯ ಸೂಚನೆಗಳನ್ನು ತೆರೆದ. ಹಾಕುವುದು ಹೇಗೆ ಎಂಬಲ್ಲಿ ಒಂದೇ ಸಾಲಿನ ಕಮಾಂಡ್ ಇತ್ತು. ತೆಗೆಯುವುದು ಹೇಗೆ ಎಂಬಲ್ಲಿ, ತೆಗೆಯಲು ದಾರಿಯಿಲ್ಲ, ಸರ್ವರನ್ನು ಪೂರ್ತಿ ಅಳಿಸಿ ಹೊಸದಾಗಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಿ ಎಂದಿತ್ತು.

"ಬರೋಕೆ ಒಂದು ಸಾಲು, ಹೋಗೋಕೆ ಮನೇನೇ ಕೆಡವಬೇಕಾ? ಯಾವ ಸೀಮೆ ಮರ್ಯಾದೆ ಇದು!" ಎಂದು ಅವನು ಕೂಗಿದ್ದು ಕೆಳಗಿನವರೆಗೆ ಕೇಳಿಸಿತು.

ಕೂಗು ಕೇಳಿ ಎದುರು ಮನೆಯ ಶಾಮಣ್ಣನವರು ಪೇಪರ್ ಹಿಡಿದುಕೊಂಡೇ ಬಂದರು. ಜಯನಗರದ ಆಫೀಸೊಂದರಲ್ಲಿ ರಿಟೈರ್ ಆದಮೇಲೆ ಅವರಿಗೆ ಬೀದಿಯ ಎಲ್ಲ ಮನೆಗಳೂ ಆಫೀಸುಗಳೇ ಆಗಿದ್ದವು.

"ಕೆಡವೋದು ಯಾಕ್ರೀ? ಒಂದೊಂದಾಗಿ ತೆಗೀರಿ. ನಿಧಾನಕ್ಕೆ."

ಶಶಿಕಾಂತ ಮೊದಲು ಸೈಟಿನ ಫೈಲುಗಳನ್ನೂ ಡೇಟಾಬೇಸಿನ ನಕಲನ್ನೂ ಹಳೆಯ ಇಮೇಲುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಆಮೇಲೆ ಪ್ಯಾನೆಲ್ಲಿನ ಒಂದು ಭಾಗ ಕಿತ್ತ. ಜೊತೆಗೆ ಇಮೇಲೂ ಹೋಯಿತು. ಇನ್ನೊಂದು ಕಿತ್ತ. ಡೇಟಾಬೇಸೂ ಕೈ ಹಿಡಿದುಕೊಂಡು ಹೊರಟಿತು. ಮೂರನೆಯದನ್ನು ಮುಟ್ಟಿದ್ದೇ ತಡ, ಸರ್ವರು ಅವನನ್ನೇ ಒಳಗೆ ಬಿಡದೆ ಬಾಗಿಲು ಹಾಕಿಕೊಂಡಿತು.

"ನಾನು ನಿಧಾನಕ್ಕೆ ಅಂದಿದ್ದೆ" ಎಂದರು ಶಾಮಣ್ಣ.

ಅಷ್ಟರಲ್ಲಿ ಬೈರಣ್ಣ ಮತ್ತೆ ಬಂದರು. "ಹೋದ್ನಾ?"

"ಇಲ್ಲಣ್ಣ, ಒಳಗಿಂದ ಚಿಲಕ ಹಾಕ್ಕೊಂಡವ್ನೆ."

"ಎಲ್ಲಿದೆ ಅದು? ಅಡ್ರೆಸ್ ಕೊಡು. ಇಬ್ಬರು ಹುಡುಗ್ರನ್ನ ಕರ್ಕೊಂಡು ಹೋಗಿ ಸಾಮಾನು ಬೀದಿಗೆ ಇಡಿಸ್ತೀನಿ. ನಾನು ನೋಡದೇ ಇರೋ ಬಾಡಿಗೆದಾರನಾ?"

ಅದು ಮುಂಬೈಯಲ್ಲೋ ಎಲ್ಲೋ ಇರುವ ಮಷೀನು ಎಂದು ತಿಳಿಸಿ ಹೇಳುವಷ್ಟರಲ್ಲಿ ಶಶಿಕಾಂತನಿಗೆ ಸಾಕುಬೇಕಾಯಿತು. ಕೆಡವುವುದೊಂದೇ ದಾರಿ ಉಳಿದಿತ್ತು. ಆದರೆ ಜರಗನಹಳ್ಳಿಯಲ್ಲಿ ಕರೆಂಟ್ ಮೀಟರಿನಿಂದ ಬೋರ್‌ವೆಲ್ಲಿನವರೆಗೆ ಎಲ್ಲವೂ ಓನರ್ ಹೆಸರಿನಲ್ಲೇ ಇರಬೇಕು. ಹಾಗಾಗಿ ಸರ್ವರೂ ಬೈರಣ್ಣನವರ ಹೆಸರಿನಲ್ಲೇ ಇತ್ತು. ಅಳಿಸಬೇಕಾದರೆ ಅವರ ಫೋನಿಗೆ ಬರುವ ಓಟಿಪಿ ಬೇಕು, ಆ ಫೋನು ಹೆಂಡತಿ ನಾರಾಯಣಮ್ಮನವರ ಕೈಯಲ್ಲಿತ್ತು.

"ಈಗ ರಾಹುಕಾಲ, ಕೊಡಲ್ಲ" ಎಂದರು ನಾರಾಯಣಮ್ಮ.

"ಆಂಟಿ, ಸರ್ವರಿಗೆ ಎಂಥ ರಾಹುಕಾಲ?"

"ಮನೆ ಕೆಡವ್ತೀಯ ತಾನೇ?"

ಶಾಮಣ್ಣನವರು ಪೇಪರಿನಿಂದ ತಲೆಯೆತ್ತಿ, ಅವರು ಹೇಳುವುದು ಸರಿ ಎಂದರು. ಶಶಿಕಾಂತ ಹಲ್ಲು ಕಚ್ಚಿಕೊಂಡು ಜಗಲಿಯ ಮೇಲೆ ಕೂತ. ಓದು, ಅನುಭವ, ರಾತ್ರಿ ನಿದ್ದೆ ಎಲ್ಲವನ್ನೂ ಸುರಿದು ಕೆಲಸ ಕಲಿತವನು ಒಂದು ಓಟಿಪಿಗಾಗಿ ಭಿಕ್ಷುಕನ ಹಾಗೆ ಕಾಯಬೇಕಾಯಿತಲ್ಲ ಎಂದು ಗೊಣಗಿಕೊಂಡ.

ರಾಹುಕಾಲ ಮುಗಿಯಿತು, ಓಟಿಪಿ ಬಂತು, ಸರ್ವರು ಅಳಿಯಿತು. ಪ್ಯಾನೆಲ್ಲು ಹೇಳಹೆಸರಿಲ್ಲದೆ ಹೋಯಿತು. ಶಶಿಕಾಂತ ಊಟ ಬಿಟ್ಟು ಕೂತು ಹೊಸ ಲಿನಕ್ಸಿನ ಮೇಲೆ ಒಂದೊಂದನ್ನೂ ಕೈಯಾರೆ ಜೋಡಿಸಿದ. ಸಂಜೆಯ ಹೊತ್ತಿಗೆ ಮಂಟಪ ಮತ್ತೆ ಕಂಡಿತು. ಬಾಳೆಕಂದಿನ ಫೋಟೋ, ಊಟದ ಹಾಲ್, ಪಾರ್ಕಿಂಗು, ಎಲ್ಲವೂ. ಹೆಣ್ಣಿನ ಕಡೆಯವರು ನೋಡಿ ಅಲ್ಲೇ ಬುಕ್ ಮಾಡಿದರು.

"ಭೇಷ್! ಪೂರ್ತಿ ಹೋದ್ನಾ?" ಎಂದರು ಬೈರಣ್ಣ.

"ಹೆಸರಿಗೂ ಇಲ್ಲಣ್ಣ. ಸರ್ವರಲ್ಲಿ ಮುಕ್ಕಾಲು ಜಾಗ ಖಾಲಿ ಇದೆ!" ಶಶಿಕಾಂತ ಎದೆಯುಬ್ಬಿಸಿ ಹೇಳಿದ.

ಬೈರಣ್ಣನವರ ಮುಖ ಸ್ವಲ್ಪ ಸಪ್ಪಗಾಯಿತು. "ಖಾಲಿನಾ?" ಎಂದು ಹೆಂಡತಿಯ ಕಡೆ ನೋಡಿದರು. ಶಶಿಕಾಂತ ಅದನ್ನು ಗಮನಿಸಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಸ್ ಸ್ಟಾಪಿನ ದರ್ಶಿನಿಗೆ ಹೋಗಿ ಖಾಲಿ ದೋಸೆ ತಿಂದು, ಎರಡು ಕಾಫಿ ಕುಡಿದು, ಗೆದ್ದವನ ಹಾಗೆ ನಿಧಾನವಾಗಿ ನಡೆದು ಬಂದ.

ರೂಮಿಗೆ ಬಂದು ಸೈಟ್ ತೆರೆದರೆ ಮಂಟಪವಿಲ್ಲ. ಬಿಳಿ ಹಾಳೆಯ ನಡುವೆ ದಪ್ಪ ಅಕ್ಷರದಲ್ಲಿ 'ವೆಲ್‌ಕಮ್'. ಕೆಳಗೆ ಮೂಲೆಯಲ್ಲಿ ಅದೇ ಪ್ಯಾನೆಲ್ಲಿನ ಗುರುತು. ಶಶಿಕಾಂತ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದ.

"ಅಣ್ಣಾ! ಸರ್ವರ್ ಯಾರು ಮುಟ್ಟಿದ್ದು?"

"ನಾನೇ ಕಣಪ್ಪ" ಎಂದರು ಬೈರಣ್ಣ ಸಮಾಧಾನವಾಗಿ. "ಸರ್ವರ್ ಕಂಪನಿಯಿಂದ ಒಂದು ಹೆಣ್ಣುಮಗಳು ಫೋನ್ ಮಾಡಿದ್ಲು. ಸಾರ್, ನಿಮ್ಮದು ಅಳಿಸಿದ್ದೀರಾ, ಏನಾದ್ರೂ ಹಾಕಿಕೊಡ್ಲಾ ಅಂದ್ಲು. ಜಾಗ ಖಾಲಿ ಬಿಡಬಾರ್ದು ನೋಡು. ನಮ್ಮ ಮನೇಲಿ ಒಂದು ತಿಂಗ್ಳೂ ಬೀಗ ಹಾಕಿದ್ದಿಲ್ಲ. ಒಳ್ಳೆ ಪಾರ್ಟಿ ಇದ್ರೆ ಹಾಕಮ್ಮ ಅಂದು ಓಟಿಪಿ ಹೇಳ್ದೆ."

"ಅದು ಇವತ್ತು ನಾವೇ ಓಡಿಸಿದ ಪಾರ್ಟಿನೇ ಅಣ್ಣ!"

"ಗೊತ್ತು. ಅವಳೇ ಹೇಳಿದ್ಲು, ಈಗ ಹೊಸ ವರ್ಷನ್ನಂತೆ, ಸುಧಾರಿಸಿದ್ದಾನಂತೆ. ಬೇರೆ ಗೊತ್ತಿಲ್ಲದೋರಿಗಿಂತ ಹಳಬರೇ ವಾಸಿ."

"ಅವನನ್ನ ಕೂರಿಸೋಕೆ ಮತ್ತೆ ಎಲ್ಲಾ ಅಳಿಸಿದಾರೆ, ಸೈಟ್ ಪೂರ್ತಿ ಹೋಯ್ತಲ್ಲಣ್ಣ! ಬರೀ ವೆಲ್‌ಕಮ್ ಅಂತ ಬರ್ತಿದೆ!"

"ಮದುವೆ ಮಂಟಪಕ್ಕೆ ಇನ್ನೇನು ಬೇಕಪ್ಪಾ? ಬೆಳಿಗ್ಗೆ ಸಸ್ಪೆಂಡ್ ಅಂದಿದ್ದ, ಈಗ ಬನ್ನಿ ಅಂತಿದ್ದಾನೆ" ಎಂದರು ಬೈರಣ್ಣ. ಆಮೇಲೆ ಕೆಮ್ಮಿ, ಸ್ವಲ್ಪ ದನಿ ತಗ್ಗಿಸಿ, "ಇನ್ನೊಂದು ವಿಷ್ಯ. ಅವನಿದ್ರೆ ಬಟನ್ ಒತ್ತಿದ್ರೆ ಎಲ್ಲಾ ಆಗುತ್ತಂತೆ. ನೋಡ್ಕೊಳ್ಳೋಕೆ ಅಂತ ಒಬ್ಬ ಮನುಷ್ಯ ಬೇಕಾಗಿಲ್ವಂತೆ" ಎಂದರು.

ಅಷ್ಟರಲ್ಲಿ ನಾರಾಯಣಮ್ಮ ಒಳಗಿನಿಂದ 'ಟು ಲೆಟ್' ಬೋರ್ಡು ಹಿಡಿದು ಬಂದರು. ಗೇಟಿಗೆ ಕಟ್ಟಲು ಎತ್ತರ ಸಾಲದೆ, ದಾರದ ಒಂದು ತುದಿಯನ್ನು ಶಶಿಕಾಂತನ ಕೈಗೆ ಕೊಟ್ಟರು. ಅವನು ಹಿಡಿದುಕೊಂಡ.

"ನಿಧಾನಕ್ಕೆ ಖಾಲಿ ಮಾಡಪ್ಪ, ಅವಸರ ಇಲ್ಲ" ಎಂದರು ಬೈರಣ್ಣ. "ಆದ್ರೆ ಬೆಳಿಗ್ಗೆ ನೀನೇ ಕೂಗಾಡ್ತಿದ್ದೆ, ಹೋಗೋವಾಗ ಮನೆ ಕೆಡವೋದು ಮರ್ಯಾದೆ ಅಲ್ಲ ಅಂತ. ಗೋಡೇಲಿರೋ ಮೊಳೆ ಹಾಗೇ ಬಿಡು."