ತಲೆಗೆ ಐದೇ ಕೆ.ಜಿ.

ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದರೆ ಆರು ಗ್ರಾಂ ಉಳಿಯುತ್ತದೆ. ಇಷ್ಟು ಸಣ್ಣ ವಿಷಯ ಮನೆಯ ಮೂರು ಹೆಂಗಸರಲ್ಲಿ ಒಬ್ಬರ ತಲೆಗೂ ಹೋಗುವುದಿಲ್ಲವೆಂದರೆ ತೂಕದ ಸಾಹೇಬರಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಬೆಳಿಗ್ಗೆಯೇ ಗರಗಸ ಹಿಡಿದು ಕೂತು ನಾಲ್ಕೂ ಬ್ರಷ್ಷುಗಳನ್ನು ಕುಯ್ದು ಸಾಲಾಗಿ ಜೋಡಿಸಿದ್ದರು. ಹೆಂಡತಿ ತನ್ನದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದನ್ನ ಹಿಡ್ಕೊಂಡು ಉಜ್ಜೋದೋ, ಹಾಗೇ ನುಂಗಿಬಿಡೋದೋ?" ಎಂದು ಕೇಳಿದಳು. ಕೃತಜ್ಞತೆ ಎಂಬ ಪದಾರ್ಥ ಈ ಮನೆಯಲ್ಲಿ ಎಂದೋ ಮುಗಿದುಹೋಗಿದೆ ಎಂದು ಸಾಹೇಬರು ಹಲ್ಲು ಕಡಿದರು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ಬೈದು ಜಪ್ತಿ ಮಾಡುವುದು ಅವರ ಕೆಲಸ. (ಸರಿಯಿದ್ದರೂ ಬೈಯುತ್ತಿದ್ದರು, ಅದು ಮುಂಜಾಗ್ರತೆ.) ಇಪ್ಪತ್ತೆರಡು ವರ್ಷ ಹೀಗೆ ಸುತ್ತಿದ ಮೇಲೆ ಅವರಿಗೆ ಮನುಷ್ಯರ ಮೇಲಿದ್ದ ನಂಬಿಕೆಯೆಲ್ಲ ಹೊರಟುಹೋಗಿ, ಲೋಕದಲ್ಲಿ ಒಂದೇ ಒಂದು ವಸ್ತುವಿನ ಮೇಲೆ ಉಳಿದಿತ್ತು. ಅದು ಅವರ ಸ್ವಂತ ಸ್ಪ್ರಿಂಗ್ ತಕ್ಕಡಿ. ಮೇಲೊಂದು ಉಂಗುರ, ಕೆಳಗೊಂದು ಕೊಕ್ಕೆ, ನಡುವೆ ಮುಳ್ಳು. ಊಟಕ್ಕೆ ಕೂತಾಗಲೂ ಅದು ಪಕ್ಕದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರಬೇಕು.

ಇಂಥವರಿಗೆ ಊರು ನೋಡುವ ಹುಚ್ಚು ಬೇರೆ. ಆದರೆ ಎರಡು ವರ್ಷದ ಕೆಳಗೆ ಸಂಸಾರ ಸಮೇತ ಸಮುದ್ರ ನೋಡಲು ಹೊರಟಾಗ ಮನೆಯವರು ಹನ್ನೊಂದು ಗಂಟು ಕಟ್ಟಿದ್ದರು. ರೈಲು ನಿಂತದ್ದು ಎರಡೇ ನಿಮಿಷ. ಹನ್ನೊಂದನೆಯ ಗಂಟನ್ನು ಒಳಗೆ ತಳ್ಳುವಷ್ಟರಲ್ಲಿ ರೈಲು ಹೊರಟೇಬಿಟ್ಟಿತು. ಸಾಮಾನು ಪ್ರವಾಸಕ್ಕೆ ಹೋಯಿತು, ಜನ ಮನೆಗೆ ಬಂದರು.

ಅದರಿಂದ ಎಲ್ಲರಿಗಿಂತ ಹೆಚ್ಚು ನೊಂದವಳು ಹೆಂಡತಿ. ಆಕೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಸಮುದ್ರದ ಚಿತ್ರ ಬರೆಯಲು ಕಲಿಸುತ್ತಿದ್ದಳು; ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ. "ಒಂದೇ ಒಂದು ಸಲ ಅದರ ಮುಂದೆ ಕೂತು ಬಣ್ಣ ಹಾಕ್ಬೇಕು ರೀ. ಆಮೇಲೆ ನನ್ನನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ" ಎಂದಿದ್ದಳು. ಈ ಸಲ ನಾಲ್ಕು ದಿನ ರಜೆ ಸಿಕ್ಕಿತ್ತು. ಮತ್ತೆ ಯಾವಾಗ ಸಿಗುತ್ತದೋ ಇಲಾಖೆಗೇ ಗೊತ್ತಿಲ್ಲ.

ಅಷ್ಟರಲ್ಲಿ ಸಾಹೇಬರಿಗೆ ಜ್ಞಾನೋದಯವಾಗಿತ್ತು. ಸಾಮಾನು ಕಮ್ಮಿಯಾದರೆ ಊರು ಜಾಸ್ತಿಯಾಗುತ್ತದೆ, ಬದುಕು ಸರಳವಾದರೆ ಕಾಲು ಹಗುರವಾಗುತ್ತದೆ. ಅದಕ್ಕೊಂದು ವಿಧಾನವನ್ನೂ ಅವರೇ ಕಂಡುಹಿಡಿದರು. ಮನೆಯ ಪ್ರತಿಯೊಂದು ವಸ್ತುವಿನ ಮುಂದೆ ನಿಂತು, "ನೀನು ಇಲ್ಲಿ ಯಾಕಿದ್ದೀಯ?" ಎಂದು ಗದರಿಸಿ ಕೇಳುವುದು. ಹತ್ತು ಎಣಿಸುವುದರೊಳಗೆ ಯಾರೂ ಅದರ ಪರವಾಗಿ ಉತ್ತರ ಕೊಡದಿದ್ದರೆ ವಸ್ತು ಹೊರಗೆ. ಹೀಗೆ ಎರಡು ಬೀರು, ಒಂದು ಸೋಫಾ, ಲೆಕ್ಕವಿಲ್ಲದಷ್ಟು ಡಬ್ಬಗಳು ಮನೆಬಿಟ್ಟು ಹೋದವು. ಜೊತೆಯಲ್ಲೇ ಇದ್ದ ಅತ್ತೆಯವರ ಕುರ್ಚಿಯನ್ನೂ ಕೇಳಿದರು. ಅತ್ತೆಯವರು ಅದರ ಮೇಲೇ ಕೂತಿದ್ದರು.

"ಅದಕ್ಕೆ ಬಾಯಿಲ್ಲ ಅಳಿಯಂದಿರೇ, ನಾನು ಹೇಳ್ತೀನಿ. ನಾನು ಕೂತ್ಕೊಳ್ಳೋದಕ್ಕೆ ಇದೆ. ಎಣಿಸೋದು ನಿಲ್ಲಿಸಿ."

ಕುರ್ಚಿ ಉಳಿಯಿತು. ಸಾಹೇಬರು ಆ ಅವಮಾನವನ್ನು ನುಂಗಿಕೊಂಡು, ಊಟದ ಕೋಣೆಯ ಬಾಗಿಲಿಗೆ ಪ್ರವಾಸದ ನಿಯಮಾವಳಿ ಅಂಟಿಸಿದರು. ಒಂದು: ತಲೆಗೆ ಐದೇ ಕೆ.ಜಿ. ಎರಡು: ಫೋನುಗಳು ಮನೆಯಲ್ಲೇ ಉಳಿಯತಕ್ಕದ್ದು, ಸಮುದ್ರಕ್ಕೆ ಹೋಗಿ ಫೋನು ನೋಡುವವರು ಮನೆಯಲ್ಲೇ ನೋಡಬಹುದು. ಮೂರು: ಮೈಮೇಲಿನದು ಲೆಕ್ಕಕ್ಕಿಲ್ಲ. ಈ ಮೂರನೆಯದನ್ನು ತಮ್ಮ ಕೋಟಿಗಾಗಿ ಬರೆದುಕೊಂಡಿದ್ದರು.

ನಿಯಮಾವಳಿಯನ್ನು ಓದಿ ಮಗಳು ನಕ್ಕುಬಿಟ್ಟಳು. ಕಾಲೇಜಿಗೆ ಹೋಗುವ ಹುಡುಗಿ, ನಗು ಬೇಗ ಬರುತ್ತದೆ. ಸಾಹೇಬರಿಗೆ ಪಿತ್ತ ನೆತ್ತಿಗೇರಿತು. ಹಳೆಯ ಕಬ್ಬಿಣದ ಟ್ರಂಕಿಗೆ ಮನೆಯ ಬಟ್ಟೆಯನ್ನೆಲ್ಲ ತುಂಬಿಸಿ, "ಆವತ್ತು ನೀವು ಹೊತ್ತದ್ದು ಎಷ್ಟು ಅಂತ ಕಣ್ಣಾರೆ ನೋಡಿ" ಎಂದು ಅದನ್ನು ತಮ್ಮ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿದರು. ತಕ್ಕಡಿಯ ಮಿತಿ ಇಪ್ಪತ್ತು ಕೆ.ಜಿ. ಟ್ರಂಕು ನಲವತ್ತಕ್ಕೆ ಕಡಿಮೆಯಿರಲಿಲ್ಲ. ಕಿರ್ರ್ ಎಂದಿತು. ಇಳಿಸಿದ ಮೇಲೆ ಮುಳ್ಳು ಸೊನ್ನೆಗೆ ವಾಪಸು ಬರಲಿಲ್ಲ. ಸಾಹೇಬರು ತಿರುಪು ತಿರುಗಿಸಿ ಸೊನ್ನೆಗೆ ತಂದು ನಿಲ್ಲಿಸಿದರು. (ಮಿತಿ ಮೀರಿ ತೂಗಬಾರದೆಂದು ಅವರು ಬೈಯದ ಅಂಗಡಿಯವನಿಲ್ಲ. ಆದರೆ ಅದು ಅಂಗಡಿಯವರಿಗೆ ಹೇಳುವ ಮಾತು.)

ಮಾರನೆಯ ದಿನ ಅಂಗಡಿಯಿಂದ ಬಂದ ಒಂದು ಕೆ.ಜಿ. ಸಕ್ಕರೆ ಅದೇ ತಕ್ಕಡಿಯಲ್ಲಿ ಒಂದು ಕೆ.ಜಿ. ನೂರ ಅರವತ್ತು ಗ್ರಾಂ ತೋರಿಸಿತು.

"ತಕ್ಕಡಿ ಕೆಟ್ಟಿರಬಹುದಲ್ಲ ರೀ" ಎಂದಳು ಹೆಂಡತಿ.

"ನನ್ನ ತಕ್ಕಡೀನಾ? ಅಂಗಡಿಯವನು ನನಗೆ ಹೆದರ್ಕೊಂಡು ಜಾಸ್ತಿ ಹಾಕಿದಾನೆ. ಇಷ್ಟು ವರ್ಷಕ್ಕೆ ಇವತ್ತು ಭಯ ಹುಟ್ಟಿದೆ."

ಹೊರಡುವ ದಿನ ಬೆಳಿಗ್ಗೆ ಹಜಾರದಲ್ಲಿ ತೂಕದ ಸಮಾರಂಭ. ಮಗಳ ಚೀಲದಿಂದ ಎರಡು ಪುಸ್ತಕ, ಒಂದು ಜೊತೆ ಚಪ್ಪಲಿ ಹೊರಬಿದ್ದವು. ಅತ್ತೆಯವರ ಚೀಲ ನಾಲ್ಕೇ ಕೆ.ಜಿ. ಇತ್ತು. ಸಾಹೇಬರಿಗೆ ಒಂದು ಕ್ಷಣ ಸಂತೋಷವಾಗಿ, ತಲೆಯೆತ್ತಿ ನೋಡಿದರೆ ಅತ್ತೆಯವರು ಮೂರು ಸ್ವೆಟರು, ಅದರ ಮೇಲೆ ಉದ್ದನೆಯ ಕೋಟು ತೊಟ್ಟು ಹಾಸಿಗೆಯ ಸುರುಳಿಯಂತೆ ನಿಂತಿದ್ದರು.

"ಇದೇನು ವೇಷ?"

"ಮೈಮೇಲಿನದು ಲೆಕ್ಕಕ್ಕಿಲ್ಲ ಅಂತ ಬರ್ದಿದ್ದೀರಲ್ಲ. ಓದ್ಕೊಂಡೆ."

ನಿಯಮ ನಿಯಮವೇ. ಸಾಹೇಬರು ಸಿಟ್ಟನ್ನು ಮುಂದಿನ ಚೀಲಕ್ಕೆ ವರ್ಗಾಯಿಸಿದರು. ಅದು ಹೆಂಡತಿಯದು. ಮುಳ್ಳು ಐದು ಕೆ.ಜಿ. ಎಂಟುನೂರಕ್ಕೆ ಹೋಗಿ ನಿಂತಿತು.

"ಎಂಟುನೂರು ಗ್ರಾಂ ಜಾಸ್ತಿ. ಏನಿದೆ ಇದರಲ್ಲಿ?" ಎಂದು ಕೈಹಾಕಿ ಚಪ್ಪಟೆಯಾದ ತಗಡಿನ ಪೆಟ್ಟಿಗೆಯೊಂದನ್ನು ಹೊರಗೆಳೆದರು. ಬಣ್ಣದ ಪೆಟ್ಟಿಗೆ. ತೂಗಿದರೆ ಸರಿಯಾಗಿ ಎಂಟುನೂರು.

"ಅದು ಬೇಕು ರೀ" ಎಂದಳು ಹೆಂಡತಿ. "ಬಟ್ಟೆ ಬೇಕಾದ್ರೆ ತೆಗೀರಿ."

"ಬಟ್ಟೆ ಇಲ್ದೆ ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಡ್ರಾಯಿಂಗ್ ಪುಸ್ತಕ ಇಟ್ಕೋ, ಪೆನ್ಸಿಲ್ ಇಟ್ಕೋ. ಪೆನ್ಸಿಲ್ಲಲ್ಲಿ ಬರೆದ್ರೆ ಸಮುದ್ರ ಬೇಡ ಅನ್ನುತ್ತಾ?"

"ನಿಮ್ಮ ಚೀಲದಲ್ಲಿ ಈ ತಕ್ಕಡಿ ಬರುತ್ತಲ್ಲ, ಅದರ ತೂಕ?"

"ತಕ್ಕಡಿಯನ್ನ ಅದೇ ತಕ್ಕಡಿಗೆ ಹೇಗೆ ತೂಗ್ಲಿ? ಸ್ವಲ್ಪ ಬುದ್ಧಿ ಉಪಯೋಗ್ಸು."

ಹೆಂಡತಿ ಜಗಳವಾಡಲಿಲ್ಲ. "ಸರಿ" ಎಂದಳು, ಅಷ್ಟೆ. ಸಾಹೇಬರು ಒಂದು ಗಂಟೆಯ ಜಗಳಕ್ಕೆ ಬೇಕಾದ ಮಾತನ್ನೆಲ್ಲ ಸಿದ್ಧಮಾಡಿಟ್ಟುಕೊಂಡಿದ್ದರು. ಅದೆಲ್ಲ ವ್ಯರ್ಥವಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಪೆಟ್ಟಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟು ಹಿಂದಿನ ಬಾಗಿಲು ಹಾಕಲು ಹೋದರು.

ಐದು ಗಂಟೆಯ ರೈಲು ಪ್ರಯಾಣದಲ್ಲಿ ಹೆಂಡತಿ ತುಟಿ ಪಿಟಕ್ಕೆನ್ನಲಿಲ್ಲ. ಅತ್ತೆಯವರು ಬೆನ್ನು ಬಗ್ಗಿಸದೆ ನೆಟ್ಟಗೆ ಕೂತಿದ್ದರು. ಬೋಗಿಯಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರೆ ಅವರು ಮಾತ್ರ ಕೋಟಿನ ಗುಂಡಿ ಬಿಚ್ಚಲಿಲ್ಲ. "ಸೆಖೆ ಆಗಲ್ವಾ ಅಜ್ಜಿ?" ಎಂದು ಮಗಳು ಕೇಳಿದರೆ, "ನನ್ನ ವಯಸ್ಸಿಗೆ ಬಾ, ಗೊತ್ತಾಗುತ್ತೆ" ಎಂದರು.

ಮಧ್ಯಾಹ್ನ ಇಳಿದು ಬಾಡಿಗೆ ಕೋಣೆಯ ಕಡೆ ಚೀಲ ಹೊತ್ತು ನಡೆಯುವಾಗ ರಸ್ತೆಯ ಪಕ್ಕದಲ್ಲೇ ಸಮುದ್ರ ಕಾಣಿಸಿತು. ಹೆಂಡತಿ ನಿಂತುಬಿಟ್ಟಳು. ಆಮೇಲೆ ಬಲಗೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದಳು. ಸಾಹೇಬರು ಅದನ್ನು ನೋಡಿದರು. ತಪ್ಪು ಮಾಡಿದೆನೇನೋ ಅನಿಸಿದಾಗಲೆಲ್ಲ ಅವರು ಮಾಡುತ್ತಿದ್ದದ್ದು ಒಂದೇ ಕೆಲಸ: ಬೈಯುವುದಕ್ಕೆ ಬೇರೆ ಯಾರನ್ನಾದರೂ ಹುಡುಕುವುದು.

ಸಿಕ್ಕಿದವಳು ಹಣ್ಣು ಮಾರುವ ಹೆಂಗಸು. ಒಂದು ಕೆ.ಜಿ. ಕಿತ್ತಳೆ ಕೊಂಡು, ಚೀಲದಿಂದ ತಮ್ಮ ತಕ್ಕಡಿ ತೆಗೆದು, ಕಿತ್ತಳೆಯನ್ನು ಕೊಕ್ಕೆಗೆ ನೇತುಹಾಕಿದರು. ಒಂದು ಕೆ.ಜಿ. ನೂರ ಅರವತ್ತು.

"ನಿನ್ನ ತಕ್ಕಡಿ ತಪ್ಪು" ಎಂದರು ಸಾಹೇಬರು.

"ಕಮ್ಮಿ ಬಂತಾ ಸಾರ್?"

"ಜಾಸ್ತಿ ಬಂದಿದೆ. ಜಾಸ್ತಿ ಆದ್ರೂ ತಪ್ಪು ತಪ್ಪೇ. ನಾನು ಯಾರು ಗೊತ್ತಾ ನಿನಗೆ? ಇಡೀ ತಕ್ಕಡೀನೇ ಜಪ್ತಿ ಮಾಡ್ತೀನಿ."

ಜಾಸ್ತಿ ಕೊಟ್ಟಿದ್ದಕ್ಕೆ ಬೈಸಿಕೊಳ್ಳುವುದು ಆ ಹೆಂಗಸಿಗೆ ಹೊಸದು. ಸುತ್ತ ಜನ ಸೇರಿದರು. ಅವಳು ಗಾಬರಿಯಾಗಲಿಲ್ಲ. ಒಂದು ಕೆ.ಜಿ.ಯ ಕಬ್ಬಿಣದ ತೂಕದ ಕಲ್ಲನ್ನು ಎತ್ತಿ ಮಗುಚಿ ತಳ ತೋರಿಸಿದಳು. ಈ ವರ್ಷದ ಸರ್ಕಾರಿ ಮುದ್ರೆ, ಹೊಸದು, ಇನ್ನೂ ಹೊಳೆಯುತ್ತಿತ್ತು. ನಂತರ ಅದನ್ನು ಕೈಚೀಲವೊಂದಕ್ಕೆ ಹಾಕಿ ಸಾಹೇಬರ ಕೊಕ್ಕೆಗೇ ಸಿಕ್ಕಿಸಿದಳು. ಒಂದು ಕೆ.ಜಿ. ನೂರ ಅರವತ್ತು.

"ಬರೀ ಬಟ್ಟೆ ಚೀಲ ಸಾರ್, ಅದಕ್ಕೆ ತೂಕ ಇಲ್ಲ. ನಿಮ್ಮದರ ಮುದ್ರೆ ಯಾವ ವರ್ಷದ್ದು?"

ಸಾಹೇಬರ ತಕ್ಕಡಿಯ ಮುದ್ರೆ ನಾಲ್ಕು ವರ್ಷ ಹಳೆಯದು. ಇನ್ಸ್‌ಪೆಕ್ಟರ ತಕ್ಕಡಿಯನ್ನು ಕೇಳುವವರು ಯಾರು ಎಂದು ಹಾಗೇ ಬಿಟ್ಟಿದ್ದರು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿ ಮಾತ್ರ ನಗಲಿಲ್ಲ. ತನ್ನ ಚೀಲವನ್ನು ತಂದು ಹಣ್ಣಿನವಳ ತಟ್ಟೆಯ ಮೇಲಿಟ್ಟಳು. ಅವಳು ಕಲ್ಲು ಹಾಕಿ, ತೆಗೆದು, ಹಾಕಿ, "ನಾಲ್ಕು ಕೆ.ಜಿ. ಮುನ್ನೂರು ಅಕ್ಕಾ" ಎಂದಳು.

ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಅಪ್ಪ, ಹಾಗಾದ್ರೆ ಆ ಪೆಟ್ಟಿಗೆ ಎಂಟುನೂರಲ್ಲ, ಏಳುನೂರರ ಹತ್ರ. ಅದನ್ನ ಸೇರಿಸಿದ್ರೂ ಅಮ್ಮನ ಚೀಲ ಐದಕ್ಕೆ ಐದೇ."

"ಸುಳ್ಳು ತಕ್ಕಡಿ ಸಿಕ್ಕಿದ್ರೆ ಏನ್ ಮಾಡ್ತೀರಿ ರೀ ನೀವು?" ಎಂದು ಕೇಳಿದಳು ಹೆಂಡತಿ. ಐದು ಗಂಟೆಯಲ್ಲಿ ಅವಳಾಡಿದ ಮೊದಲ ಮಾತು. ಕೈ ಚಾಚಿದಳು. ಸಾಹೇಬರು ತಕ್ಕಡಿಯನ್ನು ಒಪ್ಪಿಸಿದರು.

ಅವರಿಗೆ ಆ ರಾತ್ರಿಯ ಊಟ ಸೇರಲಿಲ್ಲ. ಸಿಟ್ಟು ಬರುತ್ತಲೇ ಇತ್ತು, ಆದರೆ ಬೈಯಲು ತಾವೊಬ್ಬರೇ ಉಳಿದಿದ್ದರು. ಅದು ಅಭ್ಯಾಸವಿಲ್ಲದ ಕೆಲಸ. ಮಾರನೆಯ ಬೆಳಿಗ್ಗೆ ಆರರ ರೈಲಿಗೆ ಎದ್ದು ಹೊರಟರು. "ಪೆಟ್ಟಿಗೆ ತರ್ತೀನಿ. ಸಂಜೆ ಐದಕ್ಕೆ ಬರ್ತೀನಿ" ಎಂದರು. ಯಾರೂ ಬೇಡವೆನ್ನಲಿಲ್ಲ. ಅತ್ತೆಯವರು ಏನೋ ಹೇಳಲು ಬಾಯಿ ತೆರೆದರು. "ನೀವು ಸುಮ್ನಿರಿ, ನನಗೆ ಗೊತ್ತು" ಎಂದು ಸಾಹೇಬರು ಮೆಟ್ಟಿಲಿಳಿದರು.

ಹನ್ನೊಂದಕ್ಕೆ ಮನೆ. ಗೂಡಿನಲ್ಲಿ ಪೆಟ್ಟಿಗೆ ಇರಲಿಲ್ಲ. ಇಡೀ ಮನೆ ಹುಡುಕಲು ನಾಲ್ಕು ನಿಮಿಷ ಸಾಕಾಯಿತು. ಹುಡುಕುವುದಕ್ಕೆ ಅಲ್ಲಿ ಏನನ್ನು ತಾನೇ ಉಳಿಸಿದ್ದರು? ಮೂರು ಸಲ ಹುಡುಕಿದರು. ಉಳಿದಿದ್ದ ಒಂದೇ ಬೀರುವನ್ನು ಆರು ಸಲ ತೆರೆದರು. ಕುರ್ಚಿಯನ್ನು ಮಗುಚಿದರು. ಫೋನು ಮಾಡಿ ಕೇಳೋಣವೆಂದರೆ, ಮನೆಯ ನಾಲ್ಕೂ ಫೋನುಗಳು ಬೀರುವಿನಲ್ಲಿ ಸಾಲಾಗಿ ಮಲಗಿದ್ದವು. ನಿಯಮ ಎರಡು. ಸಾಹೇಬರು ನಾಲ್ಕನ್ನೂ ವಾಚಾಮಗೋಚರ ಬೈದು, ಬಾಗಿಲಿನ ನಿಯಮಾವಳಿಯನ್ನು ಹರಿದು ಜೇಬಿಗೆ ತುರುಕಿಕೊಂಡು, ಬರಿಗೈಯಲ್ಲಿ ಹನ್ನೆರಡರ ರೈಲು ಹತ್ತಿದರು.

ಎದುರು ಸೀಟಿನಾತ ಎರಡು ಸೂಟ್‌ಕೇಸಿನ ನಡುವೆ ಸಿಕ್ಕಿಕೊಂಡು ಕೂತಿದ್ದ. "ಸಮುದ್ರಕ್ಕಾ ಸಾರ್? ಕೈಯಲ್ಲಿ ಏನೂ ಇಲ್ಲ. ಪುಣ್ಯವಂತರು. ಹೀಗೆ ಓಡಾಡೋದು ಹೇಗೆ ಅಂತ ಸ್ವಲ್ಪ ಹೇಳ್ಕೊಡಿ" ಎಂದ. ಹಿಂದಿನ ವಾರವಾಗಿದ್ದರೆ ಐದು ಗಂಟೆಯ ಉಪನ್ಯಾಸವಾಗುತ್ತಿತ್ತು. ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದರು.

ದಾರಿಯುದ್ದಕ್ಕೂ ಅವರು ಒಂದು ಕ್ಷಮೆಯನ್ನು ಸಿದ್ಧಪಡಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ದಡಕ್ಕೆ ಬಂದರೆ ಹೆಂಡತಿ ಮರಳಿನ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಬಣ್ಣದಲ್ಲಿ. ಮಡಿಲಲ್ಲಿ ಅದೇ ತಗಡಿನ ಪೆಟ್ಟಿಗೆ. ಪಕ್ಕದಲ್ಲಿ ಅತ್ತೆಯವರು ಕೋಟು, ಸ್ವೆಟರುಗಳನ್ನೆಲ್ಲ ಬಿಚ್ಚಿ ಒಟ್ಟಿಕೊಂಡು, ಅದರ ಮೇಲೆ ಕೂತು ಕಿತ್ತಳೆ ತಿನ್ನುತ್ತಿದ್ದರು.

"ಇದು ಎಲ್ಲಿತ್ತು?" ಎಂದು ಕೇಳಿದರು ಸಾಹೇಬರು.

"ಎರಡನೇ ಸ್ವೆಟರಿಗೂ ಮೂರನೇದಕ್ಕೂ ಮಧ್ಯ" ಎಂದರು ಅತ್ತೆಯವರು. "ಮೈಮೇಲಿನದು ಲೆಕ್ಕಕ್ಕಿಲ್ಲವಲ್ಲ ಅಂತ ಗೂಡಿಂದ ತೆಗೆದು ಸೇರಿಸ್ಕೊಂಡೆ. ನಿನ್ನೆ ನಿಮ್ಮ ಸಿಟ್ಟು ಇಳೀಲಿ ಅಂತ ಬಿಚ್ಚದೇ ಕಾದೆ. ಬೆಳಿಗ್ಗೆ ಹೇಳೋಕೆ ಬಂದೆ. ಸುಮ್ನಿರಿ ಅಂದ್ರಿ, ಸುಮ್ನಿದ್ದೆ."

"ನೀನಾದ್ರೂ ಹೇಳಬಾರದಿತ್ತೇನೇ?"

"ನನಗೂ ಗೊತ್ತಿರ್ಲಿಲ್ಲ ರೀ. ನೀವು ರೈಲು ಹತ್ತಿದ ಮೇಲೆ ಅಮ್ಮ ಸ್ವೆಟರ್ ಬಿಚ್ಚಿದ್ರು. ಫೋನ್ ಮಾಡೋಣ ಅಂದ್ರೆ ಫೋನೆಲ್ಲಿದೆ?"

ಕ್ಷಮೆ, ಸಿಟ್ಟು ಎರಡೂ ಒಟ್ಟಿಗೆ ಬಾಯಿಯ ಬಾಗಿಲಿಗೆ ಬಂದು ಸಿಕ್ಕಿಕೊಂಡವು. ಸಾಹೇಬರು ಬಗ್ಗಿ ಚಿತ್ರ ನೋಡಿದರು. ಚೆನ್ನಾಗಿತ್ತು, ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ನೀರಿತ್ತು, ಬಿಸಿಲಿತ್ತು. ದಡದಲ್ಲಿ ಅತ್ತೆಯವರಿದ್ದರು, ಮಗಳಿದ್ದಳು. ಒಂದು ಮೂಲೆಯಲ್ಲಿ ಹಣ್ಣು ಮಾರುವ ಹೆಂಗಸು ಕೂಡ ತನ್ನ ತಕ್ಕಡಿ ಸಮೇತ ಕೂತಿದ್ದಳು.

"ಇದರಲ್ಲಿ ನಾನೆಲ್ಲಿ?" ಎಂದರು ಸಾಹೇಬರು.

ಹೆಂಡತಿ ಕುಂಚವನ್ನು ನೀರಿನಲ್ಲಿ ಅದ್ದಿ ಜಾಲಾಡಿಸಿದಳು.

"ನಿಮಗೂ ಜಾಗ ಬಿಟ್ಟಿದ್ದೆ ರೀ. ಬರೆಯೋಕೆ ಮುಂಚೆ ನಿಮ್ಮ ವಿಧಾನದಲ್ಲೇ ಕೇಳ್ದೆ, 'ನೀವು ಇಲ್ಲಿ ಯಾಕಿದ್ದೀರಿ?' ಅಂತ. ಹತ್ತು ಎಣಿಸೋವರೆಗೂ ಕಾದೆ. ಯಾರೂ ಉತ್ತರ ಕೊಡ್ಲಿಲ್ಲ."